ಪೇಟೆಯ ಸೂರು

(ದಕ್ಷಿಣ ಕೊಡಗಿನ ಶ್ರೀಮಂಗಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ಶ್ರೀಮಂಗಲದ ಬಂಧುಗಳೇ, ಹಿಂದಿನ ಸಾಲಿನಲ್ಲಿ ಕುಳಿತು ಇದೊಂದು ಬೇಗ ಮುಗಿದರೆ ಸಾಕು ಎಂದುಕೊಂಡಿರುವ ಹೈಸ್ಕೂಲಿನ ಮಕ್ಕಳೇ,

ಸಂಘಟಕರು ನನಗೆ ಕಳಿಸಿದ ಚೀಟಿಯಲ್ಲಿ ‘ಅಭಿವೃದ್ಧಿ ಪ್ರಾಧಿಕಾರಗಳು ಮತ್ತು ಸಣ್ಣ ಊರಿನ ಪೇಟೆಯ ಪುನಶ್ಚೇತನ’ ಎಂದು ವಿಷಯ ಬರೆದಿತ್ತು. ಓದಿ ನಗು ಬಂತು. ಶ್ರೀಮಂಗಲದಲ್ಲಿ ನಗರವೂ ಇಲ್ಲ, ನಗರಾಭಿವೃದ್ಧಿ ಪ್ರಾಧಿಕಾರವೂ ಇಲ್ಲ. ಇರುವುದು ಒಂದು ಗ್ರಾಮ ಪಂಚಾಯಿತಿ, ಒಂದು ಪೊಲೀಸ್ ಠಾಣೆ, ಪೊನ್ನಂಪೇಟೆ ಕಡೆಯಿಂದ ಕುಟ್ಟಕ್ಕೆ ಹೋಗುವ ಒಂದು ರಸ್ತೆ, ಆ ರಸ್ತೆಯ ಬದಿಗೆ ಅಂಗಡಿಗಳು. ಇರ್ಪು ಜಲಪಾತಕ್ಕೆ ಹೋಗುವ ಕಾರುಗಳು ಈ ಅಂಗಡಿಗಳ ಮುಂದೆ ನಿಲ್ಲದೆ ಹಾದುಹೋಗುತ್ತವೆ. ಆದರೆ ನೀವು ಇದನ್ನು ‘ಪೇಟೆ’ ಎಂದೇ ಕರೆಯುತ್ತೀರಿ. ತೋಟದಿಂದ ಹೊರಡುವಾಗ ಯಾರೂ ‘ಶ್ರೀಮಂಗಲಕ್ಕೆ ಹೋಗಿ ಬರುತ್ತೇನೆ’ ಎನ್ನುವುದಿಲ್ಲ. ‘ಪೇಟೆಗೆ ಹೋಗಿ ಬರುತ್ತೇನೆ’ ಎನ್ನುತ್ತಾರೆ. ಆ ಮಾತನ್ನೇ ಹಿಡಿದು ಶುರು ಮಾಡುತ್ತೇನೆ.

ದಕ್ಷಿಣ ಕೊಡಗಿನ ಮಳೆಗಾಲದಲ್ಲಿ ಪೇಟೆಗೆ ಬಂದ ಹುಡುಗನಿಗೆ ಪೇಟೆ ಎಂದರೆ ಏನು? ಐವತ್ತು ವರ್ಷದ ಹಿಂದೆ ನನಗದು ಒಂದು ಸೂರು. ಅಂಗಡಿಯ ಮಂಗಳೂರು ಹಂಚಿನ ಮಾಡು ರಸ್ತೆಯ ಕಡೆಗೆ ನಾಲ್ಕಡಿ ಚಾಚಿಕೊಂಡಿರುತ್ತಿತ್ತು. ಹಂಚಿನ ಒಂದೊಂದು ಸಾಲಿನಿಂದ ನೀರು ಒಂದೊಂದು ದಾರವಾಗಿ ಇಳಿದು, ಬಿದ್ದ ಜಾಗದಲ್ಲಿ ನೆಲದ ಮೇಲೆ ಸಾಲಾಗಿ ಗುಳಿ ಮಾಡಿರುತ್ತಿತ್ತು. ಆ ದಾರಗಳ ಒಳಗಡೆ ಜಗಲಿ. ಜಗಲಿಯ ಮೇಲೆ ಬಸ್ಸಿಗೆ ಕಾಯುವವರು, ಅಕ್ಕಿ ಮೂಟೆ ಇಳಿಸಿಕೊಂಡವರು, ಏನೂ ಕೊಳ್ಳದೆ ಸುಮ್ಮನೆ ನಿಂತವರು. ಅಂಗಡಿಯ ಮಲೆಯಾಳಿ ಕಾಕ ಯಾರನ್ನೂ ಏಳಿ ಎನ್ನುತ್ತಿರಲಿಲ್ಲ. ನನ್ನನ್ನು ನೋಡಿದರೆ ಮಾತ್ರ, “ಮೋನೇ, ಕೊಡೆ ಒಳಗೆ ಇಡ್ಬೇಡ, ಬೆಲ್ಲದ ಮೇಲೆ ನೀರು ಬೀಳ್ತದೆ” ಎನ್ನುತ್ತಿದ್ದರು. ಒಂದು ಅಂಗಡಿಯ ಸೂರು ಮುಗಿಯುವಲ್ಲಿ ಇನ್ನೊಂದರದು ಶುರು. ಕೊಡೆ ಬಿಚ್ಚದೆ ಪೇಟೆಯ ಈ ತುದಿಯಿಂದ ಆ ತುದಿಗೆ ನಡೆಯಬಹುದಿತ್ತು.

ಬೆಳಗ್ಗೆ ಅಂಗಡಿ ತೆರೆಯುವುದೂ ಒಂದು ಶಾಸ್ತ್ರ. ಆಗ ಶಟರ್ ಇಲ್ಲ, ಹಲಗೆ ಬಾಗಿಲು. ಹೊಸ್ತಿಲಿನ ಜಾಡಿನೊಳಗೆ ಜಾರಿಸಿ ನಿಲ್ಲಿಸಿದ ಉದ್ದುದ್ದ ಹಲಗೆಗಳು, ಒಂದೊಂದರ ಮೇಲೂ ಬಣ್ಣದಲ್ಲಿ ಅಂಕಿ. ಮೂರನೆಯದರ ಜಾಗದಲ್ಲಿ ಐದನೆಯದು ಕೂರುವುದಿಲ್ಲ. ಅವನ್ನು ಒಂದೊಂದಾಗಿ ಎತ್ತಿ ಪಕ್ಕದ ಗೋಡೆಗೆ ಒರಗಿಸಿದರೆ ಅಂಗಡಿ ತೆರೆದಂತೆ. ಕೊನೆಯ ಎರಡು ಹಲಗೆ ಕೆಲವೊಮ್ಮೆ ಜಗಲಿಯ ಮೇಲೆ ಅಡ್ಡ ಮಲಗಿ ಬೆಂಚಾಗುತ್ತಿದ್ದವು. ಬಾಗಿಲೇ ಆಸನವಾಗುವ ಈ ಏರ್ಪಾಟನ್ನು ಯಾವ ಇಂಜಿನಿಯರೂ ನಕ್ಷೆಯಲ್ಲಿ ಬರೆದುಕೊಟ್ಟಿರಲಿಲ್ಲ.

ಇಷ್ಟು ಹೇಳಿದೊಡನೆ ಹಳೆಯ ಕಾಲವನ್ನು ನೆನೆದು ಕಣ್ಣೊರೆಸಿಕೊಳ್ಳುವ ಮುದುಕ ಎಂದು ಮಕ್ಕಳು ತೀರ್ಮಾನಿಸಬೇಡಿ. ಆ ಅಂಗಡಿಗಳಲ್ಲಿ ಇಲಿ ಇತ್ತು, ಸೋರುವ ಮಾಡು ಇತ್ತು, ಹೆಂಗಸರಿಗೆ ಒಂದು ಶೌಚಾಲಯವೂ ಇರಲಿಲ್ಲ. ನನ್ನ ಮಾತು ಇಷ್ಟೇ. ಪೇಟೆಯನ್ನು ಪೇಟೆಯಾಗಿ ಇಟ್ಟದ್ದು ಆ ಸೂರು ಮತ್ತು ಜಗಲಿ. ನಮ್ಮಲ್ಲಿ ಅಭಿವೃದ್ಧಿ ಎಂದು ಯಾರು ಬಂದರೂ ಮೊದಲು ಒಡೆಯುವುದು ಅದನ್ನೇ.

ಕೊಡಗಿನಲ್ಲಿ ಪೇಟೆ ತಾನಾಗಿ ಹುಟ್ಟಿದ್ದಲ್ಲ. ಇಲ್ಲಿನ ಮನೆಗಳು ಗದ್ದೆಯ ಅಂಚಿನಲ್ಲಿ, ತೋಟದ ನಡುವೆ ದೂರ ದೂರ. ಐನ್‌ಮನೆಗೆ, ಅಂದರೆ ಕೊಡವ ಕುಟುಂಬದ ಮೂಲಮನೆಗೆ, ಬೀದಿ ಬೇಕಿರಲಿಲ್ಲ. ಉಪ್ಪು ಮಲೆಯಾಳದ ಕಡೆಯಿಂದ ಘಟ್ಟ ಹತ್ತಿ ಬರಬೇಕಿತ್ತು, ಅಕ್ಕಿ ಇಳಿದು ಹೋಗಬೇಕಿತ್ತು; ಅದಕ್ಕೆ ಪೇಟೆ ಬೇಕಾಯಿತು. ಅದನ್ನು ಯಾರು ಕಟ್ಟಿಸಿದರು ಎಂದು ತಿಳಿಯಲು ನಮ್ಮ ಪೇಟೆಗಳ ಹೆಸರುಗಳನ್ನು ಒಮ್ಮೆ ಗಮನಿಸಿ. ವೀರರಾಜಪೇಟೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು, 1790ರ ದಶಕದಲ್ಲಿ; ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕ್ರೈಸ್ತರಿಗೆ ಅಲ್ಲಿ ನೆಲೆ ಕೊಟ್ಟ, ಅವರ ಇಗರ್ಜಿ ಇನ್ನೂ ಪೇಟೆಯ ನಡುವೆ ಇದೆ. ಪೊನ್ನಂಪೇಟೆಗೆ ದಿವಾನ್ ಪೊನ್ನಪ್ಪನ ಹೆಸರು. ಕುಶಾಲನಗರ ಒಂದು ಕಾಲಕ್ಕೆ ಫ್ರೇಸರ್‌ಪೇಟೆ, ಒಬ್ಬ ಬ್ರಿಟಿಷ್ ಅಧಿಕಾರಿಯ ನೆನಪಿಗೆ. ಉತ್ತರಕ್ಕೆ ಹೋದರೆ ಸೋಮವಾರಪೇಟೆ, ಶನಿವಾರಸಂತೆ: ಅಲ್ಲಿ ರಾಜನೂ ಇಲ್ಲ, ಸಾಹೇಬನೂ ಇಲ್ಲ, ವಾರದ ದಿನವೇ ಊರಿಗೆ ಹೆಸರು. ನನ್ನನ್ನು ಕೇಳಿದರೆ ಈ ಕೊನೆಯ ಎರಡೇ ಅತ್ಯಂತ ಪ್ರಾಮಾಣಿಕ ಹೆಸರುಗಳು. ಅಂದರೆ ಪೇಟೆಯನ್ನು ಆಳುವವರು ಕಟ್ಟಿಸಬಲ್ಲರು ಎಂಬುದು ನಮಗೆ ಹೊಸ ಸುದ್ದಿಯಲ್ಲ. ಕಟ್ಟಿಸಿದ ಪೇಟೆಯನ್ನು ಕಾಪಾಡುವುದು ಯಾರ ಕೆಲಸ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗುವುದು ಕಷ್ಟ.

ಆ ಉತ್ತರ ಹುಡುಕಲು ಮೈಸೂರಿಗೆ ಹೋಗಬೇಕು. ನಮ್ಮವರು ಓದಲು, ಆಸ್ಪತ್ರೆಗೆ, ಮದುವೆ ಜವಳಿಗೆ ಹೋಗುವ ಊರು. 1898ರಲ್ಲಿ ಪ್ಲೇಗು ಮೈಸೂರು ಸೀಮೆಗೆ ಬಂತು. ಅದೇ ವರ್ಷ ಮುಂಬಯಿಯಲ್ಲಿ ನಗರ ಸುಧಾರಣೆಗೆ ಒಂದು ಟ್ರಸ್ಟ್ ಹುಟ್ಟಿತು. 1903ರಲ್ಲಿ ಮೈಸೂರು ಸಂಸ್ಥಾನ ಕಾನೂನು ಮಾಡಿ ತನ್ನದೇ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಕಟ್ಟಿತು. ಜನ ಅದನ್ನು ಮುಂದೆ ‘ಸಿಐಟಿಬಿ’ ಎಂದೇ ಕರೆದರು. ಅದು ಹುಟ್ಟಿದ ಕಾರಣ ಗಮನಿಸಿ: ಊರ ಹೊರಗೆ ಸೈಟು ಮಾಡಿ ಮಾರುವುದಲ್ಲ, ಊರ ಒಳಗಿನ ಇಕ್ಕಟ್ಟು, ಕೊಳಕು, ರೋಗ. ಕೋಟೆಯೊಳಗೆ ಒತ್ತಿಕೊಂಡಿದ್ದ ಮನೆಗಳನ್ನು ತೆರವು ಮಾಡಿ ಗಾಳಿ ಬೆಳಕು ತರುವುದು, ಚರಂಡಿ ಹಾಕುವುದು, ತೆರವಾದವರಿಗೆ ನೆಲೆ ಒದಗಿಸುವುದು. ಆ ಕಾಲದಲ್ಲಿ ಬೆಳೆದ ಚಾಮರಾಜಪುರಂ, ಲಕ್ಷ್ಮೀಪುರಂ ಬಡಾವಣೆಗಳ ಅಗಲ ಬೀದಿಗಳಲ್ಲಿ ಇಂದಿಗೂ ನಡೆಯಲು ಸಂತೋಷ.

ಬೆಂಗಳೂರಿಗೆ 1945ರಲ್ಲಿ ಇಂಥದೇ ಟ್ರಸ್ಟ್ ಬಂತು. 1976ರಲ್ಲಿ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಬಿಡಿಎ ಆಯಿತು. ಉಳಿದ ಊರುಗಳಿಗೆ 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ. ಮೈಸೂರಿನ ನಗರಾಭಿವೃದ್ಧಿ ಪ್ರಾಧಿಕಾರವೂ ಆಗ ಮುಡಾ, ಮಂಗಳೂರಿನದು ಮುಡಾ, ನಮ್ಮ ಮಡಿಕೇರಿಯದೂ ಮುಡಾ; ಮ ಅಕ್ಷರದ ಊರುಗಳಿಗೆಲ್ಲ ಒಂದೇ ಅಂಗಿ ಇತ್ತು. ಮೈಸೂರಿನ ಮುಡಾದ ಸೈಟು ಹಂಚಿಕೆ ವಿವಾದದ ಬಗ್ಗೆ ಪತ್ರಿಕೆಗಳಲ್ಲಿ ಏನೇನು ಬಂತು ಎಂಬುದು ನಿಮಗೆ ಗೊತ್ತು, ಅದು ಇವತ್ತಿನ ವಿಷಯವಲ್ಲ. ಇವತ್ತಿನ ವಿಷಯ ಆ ಸಂಸ್ಥೆಗಳ ಹೊಟ್ಟೆಪಾಡು. ಪ್ರಾಧಿಕಾರಕ್ಕೆ ಬರುವ ದುಡ್ಡಿನ ದೊಡ್ಡ ಭಾಗ ಎಲ್ಲಿಂದ? ಊರಾಚೆಯ ಹೊಲ ಸ್ವಾಧೀನ ಮಾಡಿಕೊಂಡು, ಬಡಾವಣೆ ಮಾಡಿ, ಸೈಟು ಹಂಚಿ ಅಥವಾ ಹರಾಜು ಹಾಕಿ. ಖಾಸಗಿ ಬಡಾವಣೆಗಳಿಗೆ ಒಪ್ಪಿಗೆ ಕೊಡುವಾಗ ಶುಲ್ಕ ವಸೂಲಿ ಮಾಡಿ. ಹಳೆಯ ಪೇಟೆಯಲ್ಲಿ ಮಾರಲು ಸೈಟು ಇಲ್ಲ. ಅಲ್ಲಿ ಇರುವುದು ಹತ್ತು ಜನ ಪಾಲುದಾರರ ಒಂದು ಮಳಿಗೆ, ಮೂರು ತಲೆಮಾರಿನ ಬಾಡಿಗೆದಾರ, ನ್ಯಾಯಾಲಯದಲ್ಲಿರುವ ಗೋಡೆ. ಅಲ್ಲಿ ಕೆಲಸ ಮಾಡಿದರೆ ಖರ್ಚು ಮಾತ್ರ, ಜೊತೆಗೆ ಬೈಗುಳ. ಹಾಗಾಗಿ ಪ್ರಾಧಿಕಾರ ಹುಟ್ಟುಗುಣದಿಂದಲೇ ಊರನ್ನು ಹೊರಕ್ಕೆ ಎಳೆಯುತ್ತದೆ. ಅಲ್ಲಿರುವವರು ಕೆಟ್ಟವರು ಎಂದಲ್ಲ. ಹಸು ಹುಲ್ಲಿದ್ದ ಕಡೆ ತಾನೇ ಹೋಗುವುದು.

ಪೇಟೆಯ ಒಳಗೆ ಕೈ ಹಾಕಿದಾಗಲೂ ನಿಯಮ ಹೊರಗಿನ ಬಡಾವಣೆಯದೇ. ನನ್ನ ಸ್ನೇಹಿತನೊಬ್ಬನ ಹಳೆಯ ಮಳಿಗೆ ಒಂದು ತಾಲ್ಲೂಕು ಪೇಟೆಯಲ್ಲಿತ್ತು. ಊರಿನ ಹೆಸರು ಬೇಡ. ಅಗಲ ಹದಿನಾಲ್ಕು ಅಡಿ, ಉದ್ದ ಎಂಬತ್ತು. ಮುಂದೆ ಅಂಗಡಿ, ನಡುವೆ ಉಗ್ರಾಣ, ಹಿಂದೆ ಮನೆ, ಅಟ್ಟದ ಮೇಲೆ ಮಗನ ಸಂಸಾರ. ಪೇಟೆಯ ಎಲ್ಲ ಮನೆಗಳದ್ದೂ ಅದೇ ಆಕಾರ, ಗೋಡೆಗೆ ಗೋಡೆ ಅಂಟಿ. ಮರ ಗೆದ್ದಲು ತಿಂದು ಮಾಡು ಕುಸಿಯುವಂತಾದಾಗ ಹೊಸದಾಗಿ ಕಟ್ಟಲು ಪರವಾನಗಿ ಕೇಳಿದ. ಎರಡು ಬದಿ ಸೆಟ್‌ಬ್ಯಾಕ್ ಬಿಡಿ, ಮುಂದೆ ರಸ್ತೆ ಅಗಲೀಕರಣದ ಗೆರೆಯ ತನಕ ಬಿಡಿ, ಕಾರು ನಿಲ್ಲಿಸಲು ಜಾಗ ತೋರಿಸಿ ಎಂದರು. ಹದಿನಾಲ್ಕು ಅಡಿಯಲ್ಲಿ ಮೂರು ಮೂರು ಅಡಿ ಬಿಟ್ಟರೆ ಎಂಟಡಿ ಉಳಿಯುತ್ತದೆ. “ಎಂಟಡಿಯಲ್ಲಿ ನಾನು ಅಂಗಡಿ ಇಡ್ಲೋ, ಕಾರು ನಿಲ್ಸ್ಲೋ, ನೀವೇ ಹೇಳಿ ಸಾರ್” ಎಂದು ಕೇಳಿದನಂತೆ. ಉತ್ತರ ಸಿಗಲಿಲ್ಲ. ನೀಲಿ ಟಾರ್ಪಾಲು ಹೊದಿಸಿದ. ಕೊನೆಗೆ ಮಗ ಹೊಸ ಬಡಾವಣೆಯಲ್ಲಿ ಮನೆ ಮಾಡಿದ, ಅಟ್ಟಕ್ಕೆ ಬೀಗ ಬಿತ್ತು, ರಾತ್ರಿ ಎಂಟರ ಮೇಲೆ ಆ ಬೀದಿಯಲ್ಲಿ ಒಂದು ಕಿಟಕಿಯಲ್ಲೂ ದೀಪವಿಲ್ಲ. ಪೇಟೆ ಸಾಯುವುದು ಹೀಗೆ. ವ್ಯಾಪಾರ ಹೋಗುವ ಮೊದಲು ಮನೆ ಹೋಗುತ್ತದೆ.

ಬಡಾವಣೆಗೆಂದು ಬರೆದ ಸೆಟ್‌ಬ್ಯಾಕ್ ನಿಯಮವನ್ನು ಗೋಡೆಗೆ ಗೋಡೆ ಅಂಟಿದ ಪೇಟೆಗೆ ಹಾಕುವುದು, ಎತ್ತಿನ ಲಾಳವನ್ನು ಕೋಳಿಗೆ ಹೊಡೆದ ಹಾಗೆ. ಮಹಾಯೋಜನೆ ಬರೆಯುವಾಗ ಹಳೆಯ ಪೇಟೆಗೆ ಬೇರೆ ವಲಯ, ಬೇರೆ ನಿಯಮ ಮಾಡಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಡ್ಡ ಬರುವುದಿಲ್ಲ. ಮಾಡಬೇಕು ಅಷ್ಟೆ.

ಮತ್ತೆ ಮೈಸೂರು. ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಗೆ ಹೋಗದ ಕೊಡಗಿನವರು ಕಡಿಮೆ. ಎಂಟುನೂರಕ್ಕೂ ಹೆಚ್ಚು ಮಳಿಗೆಗಳು. ಒಂದು ಸಾಲಿನಲ್ಲಿ ಮಲ್ಲಿಗೆ ಮೊಳದ ಲೆಕ್ಕದಲ್ಲಿ, ಇನ್ನೊಂದರಲ್ಲಿ ಬಾಳೆಗೊನೆ, ಕುಂಕುಮದ ಗುಡ್ಡಗಳು. ಅದರ ಹತ್ತಿರವೇ ಲ್ಯಾನ್ಸ್‌ಡೌನ್ ಕಟ್ಟಡ, 1892ರದು. ಅದಕ್ಕೆ ಉದ್ದಕ್ಕೂ ಕಂಬಗಳ ಮೊಗಸಾಲೆ. ನಾನು ಹೇಳಿದ ಸೂರಿನ ಅರಮನೆ ರೂಪ ಎನ್ನಿ. ಅಲ್ಲಿನ ಅಂಗಡಿಗಳಲ್ಲಿ ಹಳೆಯ ಪಠ್ಯಪುಸ್ತಕ ಅರ್ಧ ಬೆಲೆಗೆ ಕೊಂಡು, ವರ್ಷದ ಕೊನೆಗೆ ಕಾಲು ಬೆಲೆಗೆ ಮಾರಿ ಓದಿದವರಲ್ಲಿ ನಾನೂ ಒಬ್ಬ. 2012ರ ಆಗಸ್ಟ್ 25ರಂದು ಆ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಬದಿಯ ಭಾಗ ಬಿತ್ತು. ಅಂದು ಭಾನುವಾರ, ಪ್ರಾಣ ಉಳಿಯಿತು. ಆಮೇಲೆ ಕೆಡವಿ ಹೊಸದು ಕಟ್ಟಬೇಕೋ, ಇದ್ದುದನ್ನೇ ಗಟ್ಟಿ ಮಾಡಬೇಕೋ ಎಂದು ತಜ್ಞರು, ಪಾಲಿಕೆ, ಪಾರಂಪರಿಕ ಕಟ್ಟಡ ಪ್ರಿಯರು, ವರ್ತಕರು ಕಿತ್ತಾಡಿ ಜಗಳ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಆ ಜಗಳದಲ್ಲಿ ನಾನು ಯಾವ ಪಕ್ಷ ಎಂದು ಕೇಳಿದರೆ, ಅದಕ್ಕೆ ಹಿಂದಿನ ಐವತ್ತು ವರ್ಷ ದುರಸ್ತಿ ಮಾಡಬೇಕಿತ್ತು ಎನ್ನುವವರ ಪಕ್ಷ. ಪ್ರತಿ ಬೇಸಿಗೆಯಲ್ಲಿ ಒಬ್ಬ ಮೇಸ್ತ್ರಿ ಏಣಿ ಹಾಕಿ ಮಾಡು ಹತ್ತಿ, ಒಡೆದ ಹಂಚು ಬದಲಿಸಿ, ಗೋಡೆಯ ಮೇಲೆ ಹುಟ್ಟಿದ ಅರಳಿ ಸಸಿ ಕಿತ್ತಿದ್ದರೆ ಈ ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲ. ದುರಸ್ತಿಗೆ ಶಂಕುಸ್ಥಾಪನೆ ಇಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಿಲ್ಲ. ಆದ್ದರಿಂದ ಬಜೆಟ್ಟಿನಲ್ಲಿ ಅದಕ್ಕೆ ಸಾಲೂ ಇಲ್ಲ.

ಇದಕ್ಕಿಂತ ಕಷ್ಟದ ಕತೆ ಹಂಪಿಯದು. ಯುನೆಸ್ಕೋ ಪಟ್ಟಿಗೆ 1986ರಲ್ಲಿ ಸೇರಿದ ಹಂಪಿಗೆ 2002ರ ಕಾಯ್ದೆಯಿಂದ ಒಂದು ನಿರ್ವಹಣಾ ಪ್ರಾಧಿಕಾರ ಬಂತು. ವಿರೂಪಾಕ್ಷ ಬಜಾರಿನ ಹಳೆಯ ಮಂಟಪಗಳಲ್ಲಿ ಮನೆ, ಅಂಗಡಿ, ಹೋಟೆಲು ಮಾಡಿಕೊಂಡಿದ್ದವರನ್ನು 2011ರ ಜುಲೈಯಲ್ಲಿ ತೆರವು ಮಾಡಿದರು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು. ಮಂಟಪದ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದು ಸರಿಯೇ ಎಂದರೆ ಸರಿಯಲ್ಲ. ಆದರೆ ವಿಜಯನಗರದ ಕಾಲದಲ್ಲಿ ಅದು ಬಜಾರೇ ಆಗಿತ್ತು. ಬಜಾರನ್ನು ಉಳಿಸಲೆಂದು ಬಜಾರು ಮಾಡುವವರನ್ನು ಕಳಿಸಿದ ಮೇಲೆ ಉಳಿದದ್ದು ಕಲ್ಲು. ಸಂಜೆ ಹೊತ್ತು ಅಲ್ಲಿ ನಿಂತು ನೋಡಿದ್ದೇನೆ, ಬಹಳ ಚೊಕ್ಕಟವಾಗಿದೆ.

ಒಳ್ಳೆಯದು ಎಲ್ಲಿಯೂ ಆಗಿಲ್ಲವೇ? ಆಗಿದೆ. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2018ರ ಹೊತ್ತಿಗೆ ಹೊಸದಾಗಿ ಮಾಡಿದರು. ಮುಕ್ಕಾಲು ಕಿಲೋಮೀಟರಿಗೂ ಕಡಿಮೆ ಉದ್ದದ ಬೀದಿ. ಮೊದಲು ನೀರು, ಒಳಚರಂಡಿ, ಕರೆಂಟು, ಕೇಬಲ್ಲುಗಳನ್ನೆಲ್ಲ ನೆಲದೊಳಗೆ ಕೊಳವೆ ಹಾಕಿ ಇಳಿಸಿ, ಆಮೇಲೆ ಮೇಲೆ ಕಲ್ಲು ಹಾಸಿದರು. ಪ್ರತಿಯೊಂದು ಇಲಾಖೆಯೂ ತನ್ನ ಸರದಿಯಲ್ಲಿ ಅಗೆಯುವ ಹಬ್ಬ ಅಲ್ಲಿಗೆ ನಿಂತಿತು. ನಡೆಯುವವರಿಗೆ ಜಾಗ ಹೆಚ್ಚು, ವಾಹನಕ್ಕೆ ಕಡಿಮೆ. 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯಲ್ಲಿ ವಾಹನವನ್ನೇ ಬಿಡಲಿಲ್ಲ. ಬ್ಲಾಸಮ್, ಬುಕ್‌ವರ್ಮ್ ಪುಸ್ತಕದಂಗಡಿಗಳಿಗೆ ಹೋಗುವವರು ನಡೆದೇ ಹೋದರು. ಅಲ್ಲಿನ ಕಾಫಿಯ ಬೆಲೆ ಕೇಳಿದರೆ ಕಾಫಿ ಬೆಳೆಯುವ ನಮಗೆ ತಲೆ ತಿರುಗುತ್ತದೆ, ಆ ಮಾತು ಬೇರೆ.

ದುಡ್ಡಿನ ಪ್ರಶ್ನೆಗೆ ಅಮೆರಿಕದ ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಮಿಶಿಗನ್ ರಾಜ್ಯದಲ್ಲಿ 1975ರಲ್ಲಿ ಒಂದು ಕಾನೂನು ಮಾಡಿದರು. ಕಾರು ತಯಾರಿಸುವ ರಾಜ್ಯ. ಜನ ಕಾರು ಹತ್ತಿ ಊರ ಹೊರಗಿನ ದೊಡ್ಡ ಮಳಿಗೆಗಳಿಗೆ ಹೋಗಿ ಪೇಟೆಗಳು ಬರಿದಾದ ಕಾಲ. ಊರು ತನ್ನ ಪೇಟೆಗೆ ಗಡಿ ಗುರುತಿಸಿ ಅದಕ್ಕೇ ಒಂದು ಪ್ರಾಧಿಕಾರ ಮಾಡಿಕೊಳ್ಳಬಹುದು. ಗುರುತಿಸಿದ ವರ್ಷ ಆ ಬೀದಿಗಳಿಂದ ಬರುತ್ತಿದ್ದಷ್ಟು ಆಸ್ತಿ ತೆರಿಗೆ ಎಂದಿನಂತೆ ಖಜಾನೆಗೆ. ಆಮೇಲೆ ಬೀದಿ ಸುಧಾರಿಸಿ ತೆರಿಗೆ ಹೆಚ್ಚಿದರೆ ಆ ಹೆಚ್ಚಳವನ್ನು ಅದೇ ಬೀದಿಗೆ ಖರ್ಚು ಮಾಡಬಹುದು. ಇನ್ನೊಂದು ವಿಷಯ ನನಗೆ ಹೆಚ್ಚು ಹಿಡಿಸಿತು. ಆ ಮಂಡಳಿಯ ಹೆಚ್ಚಿನ ಸದಸ್ಯರು ಆ ಪೇಟೆಯ ಆಸ್ತಿಯಲ್ಲಿ ಹಿತಾಸಕ್ತಿ ಉಳ್ಳವರೇ ಆಗಿರಬೇಕು. ಅಲ್ಲಿ ನೂರು ಜನ ವಾಸವಿದ್ದರೆ ಅವರಲ್ಲಿ ಒಬ್ಬರಾದರೂ ಮಂಡಳಿಯಲ್ಲಿ ಇರಬೇಕು. ನಮ್ಮ ಪ್ರಾಧಿಕಾರಗಳಿಗೆ ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ. ಪೇಟೆಯ ಅಂಗಡಿಯವನೊಬ್ಬ ಅಲ್ಲಿಗೆ ಹೋದರೂ ಅಂಗಡಿಯವನೆಂದು ಹೋಗುವುದಿಲ್ಲ, ಪಕ್ಷದ ಕಾರ್ಯಕರ್ತನೆಂದು ಹೋಗುತ್ತಾನೆ.

ಹಾಗೆಂದು ಆಸ್ತಿವಂತರ ಕೈಗೆ ಪೇಟೆ ಕೊಟ್ಟುಬಿಟ್ಟರೆ ನೆಲದ ಮೇಲೆ ಗೋಣಿ ಹಾಸಿ ಸೊಪ್ಪು, ಕಳಲೆ, ಕಾಡುಮಾವು ಇಟ್ಟು ಕೂರುವ ಹೆಂಗಸು ಮೊದಲ ದಿನವೇ ಎದ್ದು ಹೋಗಬೇಕಾಗುತ್ತದೆ. ಆ ಮಟ್ಟಿಗೆ ನಮ್ಮ ದೇಶದ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಮಿಶಿಗನ್ನಿಗಿಂತ ಮುಂದಿದೆ: ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಕಾಗದದ ಮೇಲೆ ಇದೆ.

ಮಡಿಕೇರಿಯ ವಿಷಯ ಮುಟ್ಟದೆ ಕೊಡಗಿನಲ್ಲಿ ಈ ಉಪನ್ಯಾಸ ಮುಗಿಸಲಾಗದು. 1681ರಲ್ಲಿ ಕೊಡಗಿನ ಅರಸ ಮುದ್ದುರಾಜ ನೆಲೆಗೊಳಿಸಿದ ಊರು, 2011ರ ಜನಗಣತಿಯಲ್ಲಿ ಜನಸಂಖ್ಯೆ 33,381. ಕೋಟೆಯೊಳಗಿನ ಅರಮನೆಯಲ್ಲಿದ್ದ ಸರ್ಕಾರಿ ಕಚೇರಿಗಳು ಹೊಸ ಕಟ್ಟಡಗಳಿಗೆ ಹೋದವು. ಪೇಟೆಯ ನಡುವೆ ಇದ್ದ ಖಾಸಗಿ ಬಸ್ ನಿಲ್ದಾಣ ರೇಸ್‌ಕೋರ್ಸ್ ರಸ್ತೆಗೆ ಹೋಯಿತು. ಒಂದೊಂದಕ್ಕೂ ಸರಿಯಾದ ಕಾರಣವಿತ್ತು. ಅರಮನೆಯನ್ನು ಉಳಿಸಬೇಕಿತ್ತು, ನಿಲ್ದಾಣಕ್ಕೆ ಜಾಗ ಸಾಲುತ್ತಿರಲಿಲ್ಲ. ಆದರೆ ಕಚೇರಿಗೆ ಅರ್ಜಿ ಕೊಡಲು ಬಂದವನೇ ಮಹದೇವಪೇಟೆಯಲ್ಲಿ ಚಪ್ಪಲಿ ಕೊಳ್ಳುತ್ತಿದ್ದ, ಬಸ್ಸಿಗೆ ಕಾಯುವವನೇ ಚಹಾ ಕುಡಿಯುತ್ತಿದ್ದ. ಕಚೇರಿ, ನಿಲ್ದಾಣ ಎತ್ತುವಾಗ ಕಟ್ಟಡದ ಅಂದಾಜುಪಟ್ಟಿ ಮಾಡುತ್ತಾರೆ. ಪೇಟೆಯಿಂದ ದಿನಕ್ಕೆ ಎಷ್ಟು ಜೊತೆ ಕಾಲು ಹೋಯಿತು ಎಂಬ ಲೆಕ್ಕ ಯಾರೂ ಹಾಕುವುದಿಲ್ಲ. ಅದೇ ಮಡಿಕೇರಿಯಲ್ಲಿ ಒಂದು ಒಳ್ಳೆಯ ಕೆಲಸವೂ ಆಗಿದೆ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಎಷ್ಟೋ ವರ್ಷ ಸಾರಿಗೆ ಕಚೇರಿಯಾಗಿ ಸವೆದು, ಕೊನೆಗೆ ಕೆಡವದೆ ದುರಸ್ತಿಯಾಗಿ 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಹಳೆಯ ಮಾಡಿನ ಕೆಳಗೆ ಹೊಸ ಬದುಕು ಸಾಧ್ಯ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ. ವಿಜಯದಶಮಿಯ ರಾತ್ರಿ ದಸರೆಯ ದಶಮಂಟಪಗಳ ಮೆರವಣಿಗೆ ಹೊರಟಾಗ ಮಡಿಕೇರಿ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಬೀದಿಗಳಿಗೆ ಇನ್ನೂ ಜೀವ ಇದೆ.

ಇನ್ನು ನಿಮ್ಮ ಪೇಟೆ. 1990ರ ದಶಕದ ನಡುವೆ, ಬೆಳೆದ ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಪೂಲ್ ಪದ್ಧತಿ ಹೋಗಿ ಮುಕ್ತ ಮಾರಾಟ ಬಂದ ಮೇಲೆ ಕೊಡಗಿನ ಪೇಟೆಗಳಿಗೆ ಹೊಸ ಕೆಲಸ ಬಂತು. ಕಾಫಿ, ಕರಿಮೆಣಸು ಕೊಳ್ಳುವ ಅಂಗಡಿ, ಹೊರಗೆ ‘ಇಂದಿನ ದರ’ ಬರೆದ ಕಪ್ಪು ಹಲಗೆ, ಒಳಗೆ ತೂಕದ ಯಂತ್ರ, ಎಷ್ಟು ಬೀಜ ಇಳಿಯುತ್ತದೆ ಎಂಬ ಔಟ್‌ಟರ್ನ್ ನೋಡಲು ಒಂದು ಹಿಡಿ ಚೆರ್ರಿ. ಈಗ ದರ ಮೊಬೈಲಿನಲ್ಲೇ ಬರುತ್ತದೆ, ಜನ ಮಾತ್ರ ಆ ಹಲಗೆಯ ಮುಂದೆಯೇ ನಿಂತು ಚರ್ಚೆ ಮಾಡುತ್ತಾರೆ. ಅಂಥ ಒಂದು ಜಾಗ ಇರುವತನಕ ಪೇಟೆಗೆ ಭಯವಿಲ್ಲ ಎಂದು ನನಗನ್ನಿಸುತ್ತದೆ. ಭಯ ಇರುವುದು ರಸ್ತೆಯಿಂದ. ಪ್ರವಾಸಿಗರ ಕಾರು ಹೆಚ್ಚಾದಂತೆ ಇಂದಲ್ಲ ನಾಳೆ ಅಗಲೀಕರಣದ ಗೆರೆ ಬರುತ್ತದೆ. ಕೆಂಪು ಬಣ್ಣದ ಬಾಣದ ಗುರುತು ಮೊದಲು ಬೀಳುವುದು ಜಗಲಿಯ ಮೇಲೆ. ಜಗಲಿ ಹೋದರೆ ಸೂರು, ಸೂರು ಹೋದರೆ ನಿಲ್ಲುವ ಮನುಷ್ಯ. ಆಮೇಲೆ ಇರ್ಪಿನ ಕಾರುಗಳು ಇನ್ನೂ ಜೋರಾಗಿ ಹಾದುಹೋಗುತ್ತವೆ, ಅಷ್ಟೇ ಲಾಭ.

ನಗರಾಭಿವೃದ್ಧಿ ಪ್ರಾಧಿಕಾರ ಇಲ್ಲದಿರುವುದು ನಿಮ್ಮ ಅದೃಷ್ಟ. 1993ರ ಪಂಚಾಯತ್ ರಾಜ್ ಕಾಯ್ದೆ ಕಟ್ಟಡ ತೆರಿಗೆಯನ್ನೂ ಸಂತೆಯ ಶುಲ್ಕವನ್ನೂ ಗ್ರಾಮ ಪಂಚಾಯಿತಿಯ ಕೈಗೆ ಕೊಟ್ಟಿದೆ. ಅಂಗಡಿ ಸಾಲಿನಿಂದ ಬಂದ ದುಡ್ಡಿನಲ್ಲಿ ಒಂದು ಪಾಲು ಅಂಗಡಿ ಸಾಲಿಗೇ ಎಂದು ನಿರ್ಣಯ ಮಾಡಲು ಮಿಶಿಗನ್ನಿನ ಕಾನೂನು ಬೇಕಿಲ್ಲ, ಗ್ರಾಮಸಭೆಯಲ್ಲಿ ಕೈ ಎತ್ತಿದರೆ ಸಾಕು. ಆ ದುಡ್ಡಿನಲ್ಲಿ ಇಂಟರ್‌ಲಾಕ್ ಕಲ್ಲು, ಸ್ವಾಗತ ಕಮಾನು ಬೇಡ. ಮುಚ್ಚಿದ ಚರಂಡಿ, ಹೆಂಗಸರಿಗೆ ಬೀಗ ಹಾಕದ ಶೌಚಾಲಯ, ಬಸ್ಸಿಗೆ ಕಾಯುವಲ್ಲಿ ಗಾಳಿಮಳೆ ಒಳಗೆ ನುಗ್ಗದ ಮಾಡು. ಹೊಸದಾಗಿ ಆರ್‌ಸಿಸಿ ಕಟ್ಟುವವರು ಪಕ್ಕದ ಅಂಗಡಿಯ ಮಟ್ಟಕ್ಕೆ ಸರಿಯಾಗಿ ನಾಲ್ಕಡಿ ಸೂರು ಚಾಚಬೇಕು ಎಂಬ ಒಂದು ಷರತ್ತು. ಇಷ್ಟು ಮೊದಲ ವರ್ಷಕ್ಕೆ ಸಾಕು.

ಹೈಸ್ಕೂಲಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟು ಕುಳಿತುಕೊಳ್ಳುತ್ತೇನೆ. ಈ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಟೇಪು, ಒಂದು ನೋಟ್‌ಬುಕ್ ಹಿಡಿದು ಪೇಟೆಯ ಒಂದು ಬದಿ ನಡೆಯಿರಿ. ಯಾವ ಅಂಗಡಿಗೆ ಜಗಲಿ ಇದೆ, ಸೂರು ಎಷ್ಟು ಅಡಿ ಚಾಚಿದೆ, ಯಾವ ಅಟ್ಟದಲ್ಲಿ ಜನ ವಾಸವಿದ್ದಾರೆ, ಎಲ್ಲಿ ಬೀಗ ಬಿದ್ದಿದೆ, ಗೋಣಿ ಹಾಸಿ ಕೂರುವವರು ಎಲ್ಲೆಲ್ಲಿ ಕೂರುತ್ತಾರೆ, ಎಲ್ಲ ಬರೆದುಕೊಳ್ಳಿ. ಮರುವಾರ ಇನ್ನೊಂದು ಬದಿ. ಆ ನೋಟ್‌ಬುಕ್ಕಿನ ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಗೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಗೆರೆ ಎಳೆಯಲು ಯಾರಾದರೂ ಬರುವ ದಿನ, ಈ ಪೇಟೆಯಲ್ಲಿ ಏನಿತ್ತು ಎಂಬುದಕ್ಕೆ ಆ ಒಂದು ದಾಖಲೆ ಇರಲಿ.